ಎಲ್ಲ ಊರಿಗೂ ಒಂದು ಸಮುದ್ರ

ನಾಸಿಕದ ನಮ್ಮ ಕನ್ನಡ ಬಳಗದಲ್ಲಿ ಯಾರಿಗಾದರೂ ವರ್ಗವಾಯಿತೆಂದರೆ ನಾನು ತಲೆ ಹಿಡಿದುಕೊಂಡು ಕೂಡುತ್ತಿದ್ದೆ. ಹೋಗುವ ಊರಿನ ಹಾಡು ಹಾಡಿಯೇ ಕಳಿಸಬೇಕೆಂಬುದು ನಮ್ಮಲ್ಲಿ ಪದ್ಧತಿ, ಹಾಡುವವರು ನಮ್ಮ ಮನೆಯವರು. ಸಾತಪುರದ ಕಾರ್ಖಾನೆಯಲ್ಲಿ ಟರ್ನರ್. ಯಂತ್ರದ ಸದ್ದನ್ನೂ ಮೀರಿಸುವ ಗಂಟಲು. ಮುಂಬಯಿ, ದಿಲ್ಲಿಗೆ ಸಿನಿಮಾದವರು ಹಾಡು ಕಟ್ಟಿದ್ದಾರೆ. ಉಳಿದ ಊರುಗಳಿಗೆ ಯಾರು ಕಟ್ಟಬೇಕು? ಇವರು ಮುಂಬಯಿಯದೊಂದು ಹಾಡನ್ನು ಕನ್ನಡಕ್ಕೆ ತಂದು, ಮುಂಬಯಿ ಎಂದಿದ್ದಲ್ಲೆಲ್ಲ ಬೇಕಾದ ಊರನ್ನು ಕೂಡಿಸುತ್ತಿದ್ದರು.

ಗಂಗಾಪುರ

ಬ್ಯಾಂಕ್ ಮ್ಯಾನೇಜರರೊಬ್ಬರಿಗೆ ಗಂಗಾಪುರಕ್ಕೆ ವರ್ಗವಾಯಿತು. ಇವರು ಊರಿನ ಹೆಸರು ಬದಲಿಸಿದರು, ಸಮುದ್ರ ತೆಗೆಯಲು ಮರೆತರು. ಗಂಗಾಪುರದ ಕಡಲ ದಂಡೆ, ಅಲೆಗಳ ಅಬ್ಬರ ಎಂದು ಕಣ್ಣು ಮುಚ್ಚಿ ಹಾಡಿದರು. ಸುತ್ತ ಬರೀ ಹೊಲ ಇರುವ ಊರು ಅದು. ಮ್ಯಾನೇಜರರ ಹೆಂಡತಿ ಕೇಳಿದರು, "ಗಂಗಾಪುರದಾಗ ಸಮುದ್ರ ಐತೇನ್ರಿ?"

"ಹಾಡಿನ್ಯಾಗ ಹಾಕೇನ್ರಿ. ಊರಾಗ ನೀವ ಹುಡುಕಿಕೊಳ್ರಿ."

ಅಂದಿನಿಂದ ಯಾರ ಊರಿನ ಹಾಡಿನಿಂದಲೂ ಇವರು ಸಮುದ್ರ ತೆಗೆಯಲಿಲ್ಲ.

ನಾಸಿಕ

ಮಗಳು ಇಲ್ಲೇ ಬೆಳೆದವಳು. ತನ್ನ ಊರಿಗೂ ಒಂದು ಹಾಡು ಬೇಕೆಂದು ಹಟ ಹಿಡಿದಳು. ಇವರು ಶುರು ಮಾಡಿದರು: ಗೋದಾವರಿ ಬಂತು, ದ್ರಾಕ್ಷಿ ಬಂತು, ಎರಡನೆಯ ನುಡಿಗೆ ಮಿರ್ಚಿ ಭಜಿ, ಗಿರಮಿಟ್ಟು, ಗದಗ ಸ್ಟೇಷನ್ ಎಲ್ಲ ಬಂದವು.

"ಪಪ್ಪಾ, ಹೇ ನಾಸಿಕ್ ನಾಹೀ! ಇದು ನಿಮ್ಮ ಗದಗ!"

"ಹೌದಲ್ಲ! ಹಾಡಕೋತ ಹಾಡಕೋತ ಊರಿಗೆ ಹೋಗಿಬಿಟ್ಟೇನಿ ನೋಡವಾ."

ಸಂಭಾಜಿನಗರ

ಇವರ ಗಂಟಲಿನಲ್ಲಿ ಗಡ್ಡೆ ಎಂದು ಗೊತ್ತಾಯಿತು. ಛತ್ರಪತಿ ಸಂಭಾಜಿನಗರದ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಆಪರೇಷನ್ನಿನ ಮುಂಜಾನೆ ಇವರು ಡಾಕ್ಟರರನ್ನು ಕೇಳಿದ್ದು ಒಂದೇ ಮಾತು, ನಿಮ್ಮ ಊರು ಯಾವುದು ಎಂದು.

ಲಾತೂರ್ ಎಂದರು. ಬೇಸಿಗೆ ಬಂದರೆ ಕುಡಿಯುವ ನೀರಿಗೂ ಪರದಾಡುವ ಊರು. ಇವರು ಒಡಕು ದನಿಯಲ್ಲೇ ಲಾತೂರಿಗೊಂದು ಸಮುದ್ರ ಕೊಟ್ಟರು. ನಾನು ನಾಚುತ್ತ ಅರ್ಥ ಹೇಳಿದೆ. ಡಾಕ್ಟರರು ಗಂಭೀರವಾಗಿ, "ಹಾಗಾದರೆ ಮನೆಗೆ ಫೋನ್ ಮಾಡಿ, ಇನ್ನು ಟ್ಯಾಂಕರ್ ತರಿಸಬೇಡಿ ಅಂತ ಹೇಳುತ್ತೇನೆ" ಎಂದು ಮರಾಠಿಯಲ್ಲಿ ಹೇಳಿದರು. ನರ್ಸು ನಕ್ಕಳು. ನಾನು ಹೊರಗೆ ಹೋಗಿ ಅತ್ತೆ. ಇವರ ದನಿ ನಾನು ಕೇಳಿದ್ದು ಅದೇ ಕಡೆಯ ಸಲ.

ಗದಗ

ಕೆಲಸ ಬಿಟ್ಟು ಗದಗಿಗೆ ಹೊರಟೆವು. ಇವರ ಮಾತೆಲ್ಲ ಈಗ ಮಗಳ ಹಳೆಯ ಪಾಟಿಯ ಮೇಲೆ, ಬಳಪದಲ್ಲಿ. ಪದ್ಧತಿ ತಪ್ಪಬಾರದೆಂದು ಬಳಗದವರೇ ಕೂಡಿ ಹಾಡತೊಡಗಿದರು. ಒಬ್ಬರ ಶ್ರುತಿ ಪಕ್ಕದ ತಾಲೂಕಿನ ನಿಫಾಡಿನಲ್ಲಿ, ಇನ್ನೊಬ್ಬರದು ಸಾತಪುರದಲ್ಲಿ. ಇವರು ಕೈ ಎತ್ತಿ ನಿಲ್ಲಿಸಿದರು, ಬರೆದು ತೋರಿಸಿದರು: "ಗಂಟಲು ತೆಗದಾರ. ಕಿವಿ ಇನ್ನೂ ಅದಾವ."

ನಗಬೇಕೋ ಬೇಡವೋ ತಿಳಿಯದೆ ಎಲ್ಲರೂ ನನ್ನ ಮುಖ ನೋಡಿದರು. ನಾನೇ ಮೊದಲು ನಕ್ಕೆ. ಇವರು ಒರೆಸಿ ಮತ್ತೆ ಬರೆದರು: "ಸಮುದ್ರ ಎಲ್ಲಿ?"

ಗದಗಿಗೆ ಸಮುದ್ರ ಇಲ್ಲವೆಂದು ಪಾಪ, ಅವರು ಕೆರೆ ಹಾಕಿದ್ದರು. ಕೆರೆ ತೆಗೆದು ಸಮುದ್ರ ಹಾಕಿ ಮೊದಲಿನಿಂದ ಹಾಡಿದರು. ಒಂದೊಂದು ಶಬ್ದಕ್ಕೂ ಇವರ ತುಟಿ ಅಲುಗುತ್ತಿತ್ತು. ನನಗೆ ನೋಡಲಾಗಲಿಲ್ಲ.

ಹಾಡು ಮುಗಿದ ಮೇಲೆ ಗಂಗಾಪುರದಿಂದ ಬಂದಿದ್ದ ಆ ಮ್ಯಾನೇಜರರ ಹೆಂಡತಿ ಕಣ್ಣು ಒರೆಸಿಕೊಳ್ಳುತ್ತ ಇವರ ಮುಂದೆ ಬಂದು ನಿಂತರು.

"ಹಾಡಿನ್ಯಾಗ ಹಾಕೇವ್ರಿ ಅಣ್ಣಾರ. ಊರಾಗ ನೀವ ಹುಡುಕಿಕೊಳ್ರಿ."