ಕುಂಕುಮ ಇಟ್ಟ ಕರೆಂಟ್ ಪೆಟ್ಟಿಗೆ

ನಮ್ಮ ಮನೆಗೆ ಯಾವ ಸಾಮಾನೂ ಸುಮ್ಮನೆ ಬಂದದ್ದಿಲ್ಲ. ಪ್ರೆಶರ್ ಕುಕ್ಕರ್ ಬಂದ ದಿನ ಬೇಳೆ ಹೋಗಿ ಸೂರಿಗೆ ಅಂಟಿತ್ತು. ವಾಷಿಂಗ್ ಮಷೀನ್ ಬಂದ ದಿನ ನನ್ನ ಬಿಳಿ ಪಂಚೆಗಳೆಲ್ಲ ಕಾವಿಗೆ ತಿರುಗಿ, ಬೀದಿಯಲ್ಲಿ ಒಂದಿಬ್ಬರು ನನಗೆ ಕೈ ಮುಗಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ಎಲ್ಲವನ್ನೂ ಮುಂಚೆಯೇ ಲೆಕ್ಕ ಹಾಕಿ ಮಾಡುತ್ತೇನೆ. ಆದರೂ ಹೀಗೇ ಆಗುತ್ತೆ.

ಈ ಸಲ ಬಂದದ್ದು ಕರೆಂಟ್ ಪೆಟ್ಟಿಗೆ. ಅಂಗಡಿಯವರು ಪೋರ್ಟಬಲ್ ಪವರ್ ಸ್ಟೇಷನ್ ಅನ್ನುತ್ತಾರೆ, ಅಮ್ಮ ಇಟ್ಟ ಹೆಸರು ಕರೆಂಟ್ ಪೆಟ್ಟಿಗೆ. ಅಮ್ಮನಿಗೆ ಎಂಬತ್ತನಾಲ್ಕು. ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಬಾಡಿಗೆಯ ಆಕ್ಸಿಜನ್ ಯಂತ್ರದ ಜೊತೆ ಮನೆಗೆ ಬಂದಿದ್ದಳು. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಮೂಗಿಗೆ ನಳಿಕೆ ಹಾಕಬೇಕು. ಅದಲ್ಲದೆ ಬೆರಳಿಗೆ ಸಿಕ್ಕಿಸೋ ಕ್ಲಿಪ್ಪಿನಲ್ಲಿ ನಂಬರ್ ತೊಂಬತ್ತೆರಡಕ್ಕಿಂತ ಕೆಳಗಿಳಿದರೆ ಆ ಕ್ಷಣವೇ ಹಾಕಬೇಕು ಅಂತ ಡಾಕ್ಟರ್ ಹೇಳಿದ್ದರು.

ಆ ಯಂತ್ರಕ್ಕೆ ಕರೆಂಟ್ ಬೇಕು. ನಮ್ಮ ಒಂಟಿಕೊಪ್ಪಲಿಗೆ ಬಂದ ಸುದ್ದಿ ಏನಪ್ಪಾ ಅಂದ್ರೆ, ಟ್ರಾನ್ಸ್‌ಫಾರ್ಮರ್ ಕೆಲಸ, ಗುರುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇಲ್ಲ.

ಮನೆಯ ಹಳೇ ಯುಪಿಎಸ್‌ಗೆ ಯಂತ್ರ ಹಾಕಿ ನೋಡಿದೆ, ಎರಡು ನಿಮಿಷ ಕುಂಯ್‌ಗುಟ್ಟಿ ಮಲಗಿಬಿಟ್ಟಿತು. ಸಿಲಿಂಡರ್ ತರೋಣ ಅಂದೆ. "ಅದು ಮನೆಯೊಳಗೆ ಬಂದ್ರೆ ನಾನು ಆಚೆ ಹೋಗ್ತೀನಿ ಕಣೋ" ಅಂದಳು ಅಮ್ಮ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರಿಗೆ ಸಿಲಿಂಡರ್ ತಂದ ಮೇಲೆ ಅವರು ಮನೆಗೆ ವಾಪಸ್ ಹೋಗಲಿಲ್ಲವಂತೆ.

ಮೇಷ್ಟ್ರಿಗೆ ಎಷ್ಟು ಮಾರ್ಕ್ಸು?

ಬ್ಯಾಟರಿ ಅಂಗಡಿ ಇಟ್ಟಿರುವವನು ನನ್ನ ಹಳೇ ಶಿಷ್ಯ. ಅವನ ಟೇಬಲ್ ಮೇಲೆ ಎರಡು ಪೆಟ್ಟಿಗೆ ಇತ್ತು. ಚಿಕ್ಕದರಲ್ಲಿ ಐನೂರು ವಾಟ್-ಅವರ್, ದೊಡ್ಡದರಲ್ಲಿ ಸಾವಿರ. ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದುಕೊಂಡೇ ಹೋಗಿದ್ದೆ.

"ನೋಡಪ್ಪಾ, ಯಂತ್ರ ಗಂಟೆಗೆ ಮುನ್ನೂರೈವತ್ತು ಎಳೆಯುತ್ತೆ. ಎರಡು ಗಂಟೆಗೆ ಏಳುನೂರು. ಚಿಕ್ಕದು ಸಾಲದು. ದೊಡ್ಡದು ತಗೊಂಡ್ರೆ ಮುನ್ನೂರು ಉಳಿಯುತ್ತೆ."

ನನ್ನ ಹೆಂಡತಿ ಪಕ್ಕದಿಂದ, "ಬೆಳಗಿನ ಗಂಟೇನ ಒಂಬತ್ತಕ್ಕೇ ಮನೆ ಕರೆಂಟಲ್ಲೇ ಮುಗಿಸಿಬಿಟ್ರೆ? ಉಳಿಯೋದು ಮಧ್ಯಾಹ್ನದ ಒಂದೇ ಗಂಟೆ. ಚಿಕ್ಕದೇ ಸಾಕಲ್ವಾ ರೀ?" ಅಂದಳು.

ಸರಿಯಾದ ಮಾತು. ಅದಕ್ಕೇ ನನಗೆ ಕೋಪ ಬಂತು. "ನಡುವೆ ನಂಬರ್ ಇಳಿದ್ರೆ ಏನ್ ಮಾಡ್ತೀಯ? ಬೀಸಣಿಗೆ ಬೀಸ್ತೀಯಾ?" ಅಂದೆ. ಆ ಭಯ ಅವಳಿಗೂ ಇತ್ತು.

ಶಿಷ್ಯ ನನ್ನ ಹಾಳೆ ತೆಗೆದುಕೊಂಡು ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದ. "ಸಾರ್, ಸಾವಿರ ಅಂದ್ರೆ ಸಾವಿರಾನೂ ಕೈಗೆ ಸಿಗಲ್ಲ. ಪೆಟ್ಟಿಗೆ ತನ್ನ ಕೂಲಿ ಅಂತ ನೂರಕ್ಕೆ ಹದಿನೈದು ಹಿಡ್ಕೊಳ್ಳುತ್ತೆ. ಸಿಗೋದು ಎಂಟುನೂರೈವತ್ತು, ಉಳಿಯೋದು ನೂರೈವತ್ತು."

ನಾನು ಹಾಳೆಯನ್ನೇ ನೋಡುತ್ತಾ ನಿಂತೆ.

"ಲಾಭ ನಷ್ಟದ ಲೆಕ್ಕದಲ್ಲಿ ಖರ್ಚು ಕಳೆಯೋದು ಮರೆತೆ ಅಂತ ಎಂಟನೇ ಕ್ಲಾಸಲ್ಲಿ ನನ್ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರಿ ಸಾರ್" ಅಂದ ಅವನು, ಬಹಳ ವಿನಯದಿಂದ. "ನೀವು ಕೂತ್ಕೊಳ್ಳಿ. ವಯಸ್ಸಾಗಿದೆ."

ಎತ್ತೋರು ಯಾರು?

ನಮ್ಮನೆಯವಳು ಯಾವ ಪದಾರ್ಥವನ್ನೂ ಮುಟ್ಟಿ, ತಟ್ಟಿ, ಎತ್ತಿ ನೋಡದೆ ಕೊಂಡವಳಲ್ಲ. ಕುಂಬಳಕಾಯಿ ಆಗಲಿ, ಕರೆಂಟ್ ಪೆಟ್ಟಿಗೆ ಆಗಲಿ. ಚಿಕ್ಕದನ್ನು ಬಿಂದಿಗೆಯಂತೆ ಸೊಂಟದ ಮೇಲಿಟ್ಟುಕೊಂಡು ಅಂಗಡಿಯಲ್ಲಿ ಎರಡು ಸುತ್ತು ಬಂದು, "ಇದಾದ್ರೆ ನಾನೊಬ್ಬಳೇ ಅತ್ತೆ ರೂಮಿಗೂ ಒಯ್ತೀನಿ, ಹಾಲಿಗೂ ಒಯ್ತೀನಿ. ಆ ದೊಡ್ಡ ಗುಂಡುಕಲ್ಲನ್ನ ಎತ್ತೋರು ಯಾರು, ನೀವಾ?" ಅಂದಳು.

ಶಿಷ್ಯನ ಮುಂದೆ ಆಗಲೇ ಒಂದು ಸಲ ಮರ್ಯಾದೆ ಹೋಗಿತ್ತು. "ಹನ್ನೆರಡು ಕೆಜಿ ಏನು ಮಹಾ?" ಅಂದವನೇ ಬಗ್ಗಿ ಎತ್ತಿದೆ. ಪೆಟ್ಟಿಗೆ ಮೇಲೆ ಬಂತು. ನಾನು ಮಾತ್ರ ನೆಟ್ಟಗಾಗಲಿಲ್ಲ. ಸೊಂಟದಲ್ಲಿ ಕಟಕ್ ಅಂದದ್ದು ಮೂವರಿಗೂ ಕೇಳಿಸಿತು.

ಅಷ್ಟು ನೋವು ತಿಂದ ಮೇಲೆ ಚಿಕ್ಕದು ತಗೊಳ್ಳೋದು ನಾಚಿಕೆಗೇಡು. ದೊಡ್ಡದೇ ಇರಲಿ ಅಂದೆ. ಶಿಷ್ಯ ಒಳ್ಳೆಯವನು. "ಮನೇಲಿ ಇಟ್ಕೊಂಡು ನೋಡಿ ಸಾರ್. ಬೇಡ ಅನ್ನಿಸಿದ್ರೆ ಶುಕ್ರವಾರದೊಳಗೆ ತನ್ನಿ, ಚಿಕ್ಕದು ಕೊಡ್ತೀನಿ. ಮೇಲಿನ ಪ್ಲಾಸ್ಟಿಕ್ ಕವರ್ ಹಾಗೇ ಇರಲಿ, ಕಲೆ ಒಂದು ಆಗಬಾರದು" ಅಂದ.

ಆಟೋ ಬಂತು. ಮುಂದಕ್ಕೆ ಬಾಗಿ ನಿಂತಿದ್ದ ನನ್ನನ್ನೂ, ಕಾಲ ಬಳಿಯಿದ್ದ ಪೆಟ್ಟಿಗೆಯನ್ನೂ ನೋಡಿ ಆಟೋದವನು ನನ್ನ ಹೆಂಡತಿಯನ್ನು ಕೇಳಿದ: "ಮೊದಲು ಯಾವುದನ್ನ ಎತ್ತಿ ಇಡ್ಲಿ ಅಮ್ಮಾ?"

ಕವರ್ ಮೇಲೆ

ಮನೆಯಲ್ಲಿ ನನ್ನವಳು ಕಟ್ಟಪ್ಪಣೆ ಹೊರಡಿಸಿದಳು. ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು, ಗೀರಬಾರದು, ಅದರ ಮೇಲೆ ಲೋಟ ಇಡಬಾರದು. ಚಿಕ್ಕದಕ್ಕೆ ಬದಲಾಯಿಸುವ ಆಸೆ ಅವಳಿಗೆ ಇನ್ನೂ ಹೋಗಿರಲಿಲ್ಲ. ಅಮ್ಮನ ಮಂಚದ ಪಕ್ಕ ಇಟ್ಟು, ನಾನು ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಮಲಗಿದೆ.

ಎದ್ದು ಬಂದು ನೋಡುತ್ತೇನೆ, ಪೆಟ್ಟಿಗೆಯ ಹಣೆಗೆ ಅರಿಶಿನ, ಅದರ ಮೇಲೆ ಎಂಟಾಣೆಯಗಲ ಕುಂಕುಮ. ಹಿಡಿಕೆಗೆ ಒಂದು ಕೆಂಪು ದಾಸವಾಳ. ಕವರ್ ಬಿಚ್ಚಿ, ನೀಟಾಗಿ ಮಡಿಸಿ ದಿಂಬಿನ ಕೆಳಗೆ ಇಟ್ಟಿದ್ದಳು ಅಮ್ಮ.

"ಏನಮ್ಮಾ ಇದು!"

"ಏನೋ ಅಂದ್ರೆ? ಹೊಸದು ಮನೆಗೆ ಬಂದಿದೆ, ಬರೀ ಹಣೇಲಿ ಕೂರಿಸ್ತಾರೇನೋ?"

"ವಾಪಸ್ ಕೊಡೋದಿದ್ರೂ ಇರಬಹುದು ಅಂತ ಅಂದ್ಕೊಂಡಿದ್ವಿ..."

ಅಮ್ಮ ನನ್ನನ್ನು ಕೆಕ್ಕರಿಸಿ ನೋಡಿದಳು. "ಕುಂಕುಮ ಇಟ್ಟು ಒಳಗೆ ಕರ್ಕೊಂಡ ಮೇಲೆ ಅದು ಮನೆ ಮಗಳು ಕಣೋ. ವಾಪಸ್ ಅಂಗಡಿಗೆ ಕಳಿಸ್ತಾನಂತೆ!"

ಅಲ್ಲಿಗೆ ದೊಡ್ಡದೋ ಚಿಕ್ಕದೋ ಅನ್ನೋ ಪ್ರಶ್ನೆ ಮುಗಿಯಿತು ಅಂದುಕೊಂಡೆ. ನನ್ನವಳು ಒದ್ದೆ ಬಟ್ಟೆಯಲ್ಲಿ ಗುಟ್ಟಾಗಿ ಒರೆಸಿ ನೋಡಿದಳು. "ನಮ್ಮತ್ತೆ ಹಚ್ಚಿದ್ದು ಹೋಗುತ್ತಾ?" ಅಂತ ಆಮೇಲೆ ಅವಳೇ ನಕ್ಕಳು.

ತಂಗಳು

ಬುಧವಾರ ಸಂಜೆ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಹಾಕಿದೆ.

"ಏನ್ ಮಾಡ್ತಿದ್ದೀಯೋ?"

"ಕರೆಂಟ್ ತುಂಬಿಸ್ತಿದ್ದೀನಮ್ಮಾ. ನಾಳೆಗೆ."

"ಇವತ್ತು ತುಂಬಿಸಿ ನಾಳೆಗೆ ಇಟ್ರೆ ತಂಗಳಾಗಲ್ವೇನೋ?"

ನಾನು ಜೋರಾಗಿ ನಕ್ಕೆ, ಸೊಂಟ ಚುಳ್ ಅಂತು. ಕೂತು ಪಾಠ ಹೇಳಿದೆ. ಬ್ಯಾಟರಿ ಅಂದ್ರೇನು, ಒಳಗೆ ಏನಿರುತ್ತೆ, ತಿಂಗಳಾದರೂ ಯಾಕೆ ಕೆಡಲ್ಲ, ಎಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮಪ್ಪ ಫ್ರಿಜ್ ತಂದಾಗ್ಲೂ ಇದನ್ನೇ ಹೇಳಿದ್ರು, ಕೆಡಲ್ಲ ಅಂತ. ನಾನೆಲ್ಲಿ ಕೆಡುತ್ತೆ ಅಂದೆ? ಕೆಡದೇ ಇದ್ರೂ ತಂಗಳು ತಂಗಳೇ. ಅಂಥಾದ್ದನ್ನ ಮೂಗಿಗೆ ಹಾಕ್ಕೊಂಡು ಒಳಗೆ ಎಳ್ಕೊಳ್ಳೋಳು ನಾನು."

ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ. ನಾನು ಸಿಟ್ಟಿನಿಂದ ಏನೋ ಹೇಳೋಕೆ ಹೊರಟೆ, ನನ್ನವಳು ಕಣ್ಣಲ್ಲೇ ತಡೆದಳು. "ಆಗ್ಲಿ ಅತ್ತೆ. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಹೊಸದಾಗಿ ತುಂಬಿಸ್ತಾರೆ. ಕರೆಂಟ್ ಹೋಗೋ ಮೊದ್ಲೇ ತುಂಬುತ್ತೆ."

"ಹಾಗೆ ಹೇಳು. ಅಂಗಡಿಯವನು ಹಾಕಿದ್ದು ಯಾವ ಕಾಲದ್ದೋ, ಅದನ್ನ ಮೊದ್ಲು ಖಾಲಿ ಮಾಡಿ. ಮತ್ತೆ ಇನ್ನೊಂದು, ನಾಳೇದು ನಾಳೇನೇ ಮುಗೀಬೇಕು."

ಆ ಸಂಜೆ ಮನೆಯಲ್ಲಿ ಕರೆಂಟ್ ಚೆನ್ನಾಗಿಯೇ ಇತ್ತು. ನಾವಿಬ್ಬರೂ ಪೆಟ್ಟಿಗೆಗೆ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿ, ಹಳೇ ಕರೆಂಟ್ ಮುಗಿಯಲಿ ಅಂತ ಒರೆಸೋ ಬಟ್ಟೆಗಳಿಗೂ ಇಸ್ತ್ರಿ ಹಾಕಿದೆವು.

ಗುರುವಾರ

ಬೆಳಿಗ್ಗೆ ಸ್ನಾನ ಮಾಡಿ ಪೆಟ್ಟಿಗೆ ತುಂಬಿಸಿದೆ. ಒಂಬತ್ತಕ್ಕೆ ಅಮ್ಮನ ಒಂದು ಗಂಟೆ ಮನೆ ಕರೆಂಟಿನಲ್ಲೇ ಮುಗಿಯಿತು. ಸರಿಯಾಗಿ ಹತ್ತಕ್ಕೆ ಕರೆಂಟ್ ಹೋಯಿತು. ಪೆಟ್ಟಿಗೆಯ ಪರದೆಯಲ್ಲಿ ನೂರು. ಮುಂದಿನ ಸರದಿ ಮೂರು ಗಂಟೆಗೆ. ಮೂಗಿನ ನಳಿಕೆ ಹಳೆಯದಾಗಿ ಗಟ್ಟಿಯಾಗಿತ್ತು, ಹೊಸದು ತರೋಣ ಅಂತ ಹೊರಟೆ.

ಆ ನಳಿಕೆ ಮೂರು ಮೆಡಿಕಲ್ ಸ್ಟೋರಿನಲ್ಲಿ ಇರಲಿಲ್ಲ. ಆಸ್ಪತ್ರೆ ರಸ್ತೆಯ ನಾಲ್ಕನೆಯದರಲ್ಲಿ ಸಿಗುವಷ್ಟರಲ್ಲಿ ಒಂದೂವರೆ. ಅಮ್ಮ ಹೇಗಿದ್ದಾಳೆ ಅಂತ ಕೇಳೋಣ ಅಂತ ಫೋನ್ ತೆಗೆದರೆ ಅದು ಸತ್ತುಬಿದ್ದಿತ್ತು. ಮನೆಯಲ್ಲಿ ಅಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ನನ್ನ ಫೋನ್ ಚಾರ್ಜ್ ಮಾಡೋದೇ ಮರೆತಿದ್ದೆ. ಶುದ್ಧ ಅವಿವೇಕಿ.

ಸ್ಕೂಟರ್ ನಿಲ್ಲಿಸಿದೆ. ನಮ್ಮ ಬಾಗಿಲ ಮುಂದೆ ಚಪ್ಪಲಿಗಳು. ಒಂದು ಜೊತೆ ಎರಡು ಜೊತೆ ಅಲ್ಲ, ಮೆಟ್ಟಿಲು ಕಾಣದಷ್ಟು. ಬಾಗಿಲು ಪೂರ್ತಿ ತೆರೆದಿತ್ತು.

ಹಗಲು ಹೊತ್ತಿನಲ್ಲಿ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಕಾಯಿಲೆಯವರಿರುವ ಮನೆ ಮುಂದೆ ಅಷ್ಟು ಚಪ್ಪಲಿ ಇದ್ದರೆ ಅರ್ಥ ಒಂದೇ. ನಂಬರ್ ಇಳಿದಿದೆ, ನಾನಿಲ್ಲ, ಫೋನ್ ಇಲ್ಲ. ತಾಯಿ ಚಾಮುಂಡಿ, ಇಷ್ಟೇನಾ ಅಂದುಕೊಂಡು, ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದೆ.

"ಏಯ್, ಚಪ್ಪಲಿ ಆಚೆ ಬಿಡೋ!" ಅಂತು ಒಂದು ಧ್ವನಿ. ಅಮ್ಮನದು.

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಸುತ್ತ ಒಂಬತ್ತು ಜನ. ಎದುರು ಮನೆಯಾಕೆ ನಮ್ಮ ಪೆಟ್ಟಿಗೆಗೆ ಮಿಕ್ಸಿ ಸಿಕ್ಕಿಸಿ ಚಟ್ನಿ ರುಬ್ಬುತ್ತಿದ್ದಳು. ಅವಳ ಯಜಮಾನರು ಮದುವೆಗೆ ಹೋಗೋ ಪಂಚೆ ಶಲ್ಯಕ್ಕೆ ಇಸ್ತ್ರಿ ಹಾಕಿ ಮುಗಿಸಿ, ಇನ್ನೊಂದು ಅಂಗಿ ತರೋಕೆ ಹೊರಟಿದ್ದರು. ಗೋಕುಲಂನಲ್ಲಿ ಯೋಗ ಕಲಿಯುತ್ತಾ ಪಕ್ಕದ ಮಹಡಿಯಲ್ಲಿ ಬಾಡಿಗೆಗಿರುವ ವಿದೇಶಿ ಹುಡುಗಿ ನೆಲದಲ್ಲಿ ಪದ್ಮಾಸನ ಹಾಕಿ ಲ್ಯಾಪ್‌ಟಾಪ್ ಚಾರ್ಜಿಗೆ ಇಟ್ಟಿದ್ದಳು. ಉಳಿದವರ ಫೋನುಗಳು ಒಂದರ ಬಾಲಕ್ಕೆ ಇನ್ನೊಂದು ನೇತಾಡುತ್ತಿದ್ದವು. ಪೆಟ್ಟಿಗೆಯ ಪರದೆಯಲ್ಲಿ ನೂರು ಇದ್ದದ್ದು ಒಂಬತ್ತಕ್ಕೆ ಇಳಿದಿತ್ತು.

"ಒಂಬತ್ತು! ಮೂರು ಗಂಟೆಗೆ ಏನಮ್ಮಾ ಮಾಡ್ತೀಯ?" ಅಂತ ಕಿರುಚಿದೆ.

ನನ್ನವಳು ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬಂದಳು. "ಕೂಗ್ಬೇಡಿ. ನಿಮ್ಗೆ ಎಷ್ಟು ಸಲ ಫೋನ್ ಮಾಡ್ಲಿ? ಅರ್ಧ ಅರ್ಧ ಗಂಟೆಗೂ ಬೆರಳು ನೋಡ್ತಿದ್ದೀನಿ. ತೊಂಬತ್ತಾರು, ತೊಂಬತ್ತಾರು, ತೊಂಬತ್ತೇಳು. ಡಾಕ್ಟರಿಗೂ ಹೇಳ್ದೆ. ಇಷ್ಟು ಚೆನ್ನಾಗಿದ್ರೆ ಮಧ್ಯಾಹ್ನದ್ದು ಬೇಡ್ವೇ ಬೇಡ ಅಂದ್ರು."

ನಾನೇ ಕ್ಲಿಪ್ ಸಿಕ್ಕಿಸಿ ನೋಡಿದೆ. ತೊಂಬತ್ತೇಳು. ಹನ್ನೆರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾದ ನಂಬರ್ ಅದು. ಒಂಬತ್ತು ಜನರ ಮುಂದೆ, ಚಪ್ಪಲಿ ಕಾಲಲ್ಲೇ, ಗೊಳೋ ಅಂತ ಅತ್ತುಬಿಟ್ಟೆ. ಎದುರು ಮನೆಯಾಕೆ ಮಿಕ್ಸಿ ಆರಿಸಿದಳು.

"ಅಳ್ತಾನೆ ನೋಡು, ಹುಚ್ಚಪ್ಪ" ಅಂತ ಅಮ್ಮ ನನ್ನ ತಲೆ ಸವರಿದಳು. "ಬಂದೋರನ್ನ ಬರಿಗೈಲಿ ಕಳಿಸೋಕಾಗುತ್ತೇನೋ? ಹೇಗೂ ನಂಗೆ ಬೇಕಾಗಲಿಲ್ಲ. ಉಳಿಸಿದ್ರೆ ನಾಳೆಗೆ ತಂಗಳು. ಹಂಚಿಬಿಟ್ಟೆ."

"ಇದು ಗೊತ್ತಿದ್ರೆ ಚಿಕ್ಕದೇ ಸಾಕಾಗಿತ್ತು ಕಣಮ್ಮ" ಅಂದೆ, ಮೂಗು ಒರೆಸಿಕೊಳ್ಳುತ್ತಾ.

"ನಂಗೆ ಚಿಕ್ಕದೇ ಸಾಕಾಗ್ತಿತ್ತು. ಬೀದಿಗೆ ಸಾಲ್ತಿತ್ತಾ?"

ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿಸಿತು. ನನ್ನ ಶಿಷ್ಯ. ಅವನೂ ಚಪ್ಪಲಿ ರಾಶಿ ನೋಡಿರಬೇಕು, ಮುಖ ಬಿಳಿಚಿಕೊಂಡಿತ್ತು. ಕಂಕುಳಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಚಿಕ್ಕ ಪೆಟ್ಟಿಗೆ. "ಬೆಳಗ್ಗಿಂದ ಫೋನ್ ಮಾಡ್ತಿದ್ದೀನಿ ಸಾರ್, ನಿಮ್ದು ಸ್ವಿಚ್ ಆಫ್. ಯಾತಕ್ಕೂ ಇರ್ಲಿ, ಐದು ಗಂಟೆವರೆಗೆ ಇಟ್ಕೊಂಡು ವಾಪಸ್ ಕೊಡಿ ಅಂತ ಇದನ್ನ ತುಂಬಿಸಿ ತಂದೆ. ಅಮ್ಮ..." ಅಂದವನು ಅಮ್ಮನನ್ನು ಕಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ನಾನು ಅವನ ಕೈ ಹಿಡಿದುಕೊಂಡೆ. "ನೂರಕ್ಕೆ ನೂರು ಕಣೋ ನಿನಗೆ" ಅಂದೆ. ಅವನ ಕಣ್ಣಲ್ಲೂ ನೀರು. ಒಳಗೆ ಕರೆದುಕೊಂಡು ಬಂದು, ಚಿಕ್ಕ ಪೆಟ್ಟಿಗೆಯನ್ನು ದೊಡ್ಡದರ ಪಕ್ಕ ಇಟ್ಟೆ. ಮೂರು ಗಂಟೆಗೆ ಬೇಕಾದರೂ ಆಯಿತು, ಬೇಡವಾದರೂ ಆಯಿತು. ಸಂಜೆ ವಾಪಸ್ ಕೊಟ್ಟರೆ ಸರಿ.

ಅವನಿಗೆ ಕಾಫಿ ಕೊಟ್ಟು ತಿರುಗಿ ನೋಡುತ್ತೇನೆ, ಅಮ್ಮ ಕವರ್ ಬಿಚ್ಚಿ ಮಡಿಸಿ ದಿಂಬಿನ ಕೆಳಗೆ ಇಟ್ಟಾಗಿತ್ತು. ಉಂಗುರದ ಬೆರಳು ಕುಂಕುಮದ ಬಟ್ಟಲಲ್ಲಿತ್ತು.

"ಅಮ್ಮಾ, ಬೇಡ! ಅದನ್ನ ವಾಪಸ್..."

"ಸುಮ್ನಿರೋ" ಅಂದಳು ಅಮ್ಮ, ಪೆಟ್ಟಿಗೆಯ ಹಣೆಗೆ ಬೆರಳೊತ್ತುತ್ತಾ. "ಅಕ್ಕಂಗೆ ಇಟ್ಟು ತಂಗೀನ ಬರೀ ಹಣೇಲಿ ಕಳಿಸೋಕಾಗುತ್ತೇನೋ?"