ನೀರಿಗಿಳಿದ ಅಡ್ಡದಾರಿ

ದಾರಿ ಕೇಳುವುದು ನಕ್ಷೆ ಓದಲು ಬಾರದವರ ಕೆಲಸ ಎಂದು ನಾನು ತೊಂಬತ್ತರ ದಶಕದ ಒಂದು ಬೇಸಿಗೆಯವರೆಗೂ ನಂಬಿದ್ದೆ. ಆಗ ಪಾಂಡವಪುರದ ಒಂದು ಪುಟ್ಟ ಗ್ರಂಥಾಲಯದಲ್ಲಿ ನಾನು ಗ್ರಂಥಪಾಲಕ. ಅಲ್ಲಿನ ಪರಾಮರ್ಶನ ಕಪಾಟಿನಲ್ಲಿ ದೊಡ್ಡ ಭೂಪಟದ ಪುಸ್ತಕ, ಊರು ನದಿ ಬೆಟ್ಟಗಳ ವಿವರವಿರುವ ಗ್ಯಾಸೆಟಿಯರು, ಬಟ್ಟೆಗೆ ಅಂಟಿಸಿದ ಹಳೆಯ ಸರ್ವೆ ನಕ್ಷೆಗಳು ಇದ್ದವು. ಓದುಗರು ಬರುತ್ತಿದ್ದುದು ದಿನಪತ್ರಿಕೆಗೆ. ಆ ಕಪಾಟಿಗೆ ನಾನೊಬ್ಬನೇ ಗಿರಾಕಿ. ಮಧ್ಯಾಹ್ನ ನಕ್ಷೆ ಹರಡಿಕೊಂಡು ಕೂತರೆ ಕುರ್ಚಿ ಬಿಟ್ಟೇಳದೆ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬೆರಳಲ್ಲೇ ನಡೆದು ಬರುತ್ತಿದ್ದೆ. ಕಾಲು ನೋಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಹೆಂಡತಿ ಸಾವಿತ್ರಿಯ ತಮ್ಮನ ಮದುವೆ. ಮಾವನವರ ಊರು ಅಕ್ಕಿಹೆಬ್ಬಾಳಿನ ಆಚೆ. ಮದುವೆಯ ಹಿಂದಿನ ದಿನ ಅಡುಗೆ ನಂಜಪ್ಪನನ್ನೂ ಅವನ ಹಂಡೆ, ಕಡಾಯಿಗಳನ್ನೂ ಪಾಂಡವಪುರದಿಂದ ಟೆಂಪೋದಲ್ಲಿ ತರುವ ಜವಾಬ್ದಾರಿ ನನ್ನದಾಯಿತು. ಸಾವಿತ್ರಿ ಮೊದಲೇ ತವರಿಗೆ ಹೊರಟು ನಿಂತಳು.

"ರೀ, ಕೆ.ಆರ್. ಪೇಟೆ ಮೇಲೇ ಬನ್ನಿ. ಸಂಜೆ ಊಟಕ್ಕೆ ನೆಂಟ್ರೆಲ್ಲಾ ಬಂದ್ಬುಟ್ಟಿರ್ತಾರೆ. ಗೊತ್ತಾಗ್ದಿದ್ರೆ ಯಾರನ್ನಾದ್ರೂ ಕೇಳಿ" ಎಂದಳು.

"ಗೊತ್ತಾಗದಿರುವ ಪ್ರಶ್ನೆಯೇ ಉದ್ಭವಿಸುವುದಿಲ್ಲ" ಎಂದೆ.

ಅವಳು ಬಸ್ಸು ಹತ್ತಿದ ಮೇಲೆ ಸರ್ವೆ ನಕ್ಷೆ ತೆಗೆದೆ. ನೋಡಿದರೆ ಆಶ್ಚರ್ಯ. ಎಲ್ಲರೂ ಕೆ.ಆರ್. ಪೇಟೆ ಸುತ್ತಿ ಹೋಗುತ್ತಿದ್ದ ಊರಿಗೆ ನದಿಯ ಮಗ್ಗುಲಲ್ಲೇ ಒಂದು ನೇರ ಬಂಡಿ ದಾರಿ ಇತ್ತು! ಇಷ್ಟು ವರ್ಷ ಒಬ್ಬರ ಕಣ್ಣಿಗೂ ಬಿದ್ದಿಲ್ಲವಲ್ಲ ಎಂದು ಈ ಸೀಮೆಯ ಜನರ ಬಗ್ಗೆ ಕನಿಕರವಾಯಿತು. ನಕ್ಷೆ ಮುದ್ರಣವಾದ ವರ್ಷವಿರಬೇಕಾದ ಮೂಲೆಯನ್ನು ಗೆದ್ದಲು ತಿಂದಿತ್ತು. ಪಾಂಡವಪುರದ ಜಾಗದಲ್ಲಿ 'ಫ್ರೆಂಚ್ ರಾಕ್ಸ್' ಎಂಬ ಬ್ರಿಟಿಷರ ಕಾಲದ ಹೆಸರಿತ್ತು. ಅಲ್ಲೇ ಅನುಮಾನ ಬರಬೇಕಿತ್ತು. ಆದರೆ ಊರಿನ ಹೆಸರು ಬದಲಾದೀತು, ನೆಲ ಬದಲಾಗುತ್ತದೆಯೇ ಎಂದುಕೊಂಡೆ.

ಕನ್ನಂಬಾಡಿ ಕಟ್ಟೆಯನ್ನು ನಾನು ನೋಡಿರಲಿಲ್ಲವೆಂದಲ್ಲ. ತಿಪಟೂರು ಕಡೆಯಿಂದ ಬಂದ ಹೊಸದರಲ್ಲೇ ಹೋಗಿ ಕಾರಂಜಿಯ ಮುಂದೆ ಫೋಟೊ ಹೊಡೆಸಿಕೊಂಡಿದ್ದೆ. ಕಟ್ಟೆಯ ಹಿಂದಿನ ನೀರು ಎಲ್ಲಿಯವರೆಗೆ ಹೋಗಿ ಮಲಗಿದೆ ಎಂದು ಮಾತ್ರ ಯೋಚಿಸಿರಲಿಲ್ಲ.

'ಹೊರಗೆ ಒಯ್ಯುವಂತಿಲ್ಲ' ಎಂದು ನಾನೇ ಚೀಟಿ ಅಂಟಿಸಿದ್ದ ಆ ನಕ್ಷೆಯನ್ನು ನಾನೇ ಕಂಕುಳಲ್ಲಿಟ್ಟುಕೊಂಡು ಟೆಂಪೋ ಹತ್ತಿದೆ.

ಡ್ರೈವರು ಇಮ್ತಿಯಾಜ್ ಸದಾ ಮೈಸೂರು ರಸ್ತೆಯಲ್ಲಿ ಓಡಾಡುವವನು. ಈ ಕಡೆ ಅವನಿಗೂ ಹೊಸದು. "ಡೀಸಲ್ ಉಳೀತದೆ ಅಂದ್ರೆ ಎಲ್ಗಾದ್ರೂ ಸೈ ಸಾರ್" ಎಂದ. ನಂಜಪ್ಪ ಹಿಂದುಗಡೆ ಕಡಾಯಿಯ ಮಗ್ಗುಲಲ್ಲಿ ಆಗಲೇ ನಿದ್ದೆ ಹೋಗಿದ್ದ.

ಚಿನಕುರಳಿ ದಾಟಿ ಸ್ವಲ್ಪ ದೂರದಲ್ಲಿ ಎಡಕ್ಕೆ ತಿರುಗಿಸಲು ಹೇಳಿದೆ. ಮೊದಲು ಡಾಂಬರು ಮುಗಿಯಿತು. "ನಕ್ಷೆಯಲ್ಲೂ ಡಾಂಬರಿಲ್ಲ" ಎಂದೆ. ಆಮೇಲೆ ಜಲ್ಲಿ ಮುಗಿಯಿತು. ಕಬ್ಬಿನ ಗದ್ದೆ ಎರಡೂ ಕಡೆಯಿಂದ ಟೆಂಪೋವನ್ನು ಸವರತೊಡಗಿತು. ಕಬ್ಬೂ ಮುಗಿದು, ಬಿರುಕು ಬಿಟ್ಟ ಒಣ ಮಣ್ಣಿನ ಬಯಲು ಬಂತು. ಅದರ ಮೇಲೆ ಹಳೆಯ ಬಂಡಿ ದಾರಿಯ ಗುರುತು ನಿಜವಾಗಿಯೂ ಇತ್ತು. ನನಗೆ ರೋಮಾಂಚನವಾಯಿತು.

ಆ ದಾರಿ ನೆಟ್ಟಗೆ ಹೋಗಿ ನೀರಿಗೆ ಇಳಿದಿತ್ತು. ಆಚೆ ದಡ ಕಾಣದಷ್ಟು ನೀರು.

"ಸಾರ್, ಸಮುದ್ರ" ಎಂದ ಇಮ್ತಿಯಾಜ್.

ನಕ್ಷೆ ನೋಡಿದೆ. ಅಲ್ಲಿ ರಸ್ತೆ ಮುಂದುವರಿದೇ ಇತ್ತು. ಅವನು ಟೆಂಪೋ ತಿರುಗಿಸಲು ಹೋದ. ಮೇಲೆ ಒಣಗಿ ಕಾಣುತ್ತಿದ್ದ ಮಣ್ಣು ಒಳಗೆ ಹಸಿಯಾಗಿತ್ತು. ಹಿಂದಿನ ಚಕ್ರಗಳೆರಡೂ ಹೂತುಹೋದವು. ನಂಜಪ್ಪನಿಗೆ ಎಚ್ಚರವಾಯಿತು. ಇಳಿದು ನೀರನ್ನು ನೋಡಿದ, ನನ್ನನ್ನು ನೋಡಿದ.

"ಸ್ವಾಮೇರಾ, ಮದುವೆ ಮೀನುಗೋಳ್ದಾ?"

ಭಾರ ಕಡಿಮೆಯಾಗಲೆಂದು ಹಂಡೆಗಳನ್ನೆಲ್ಲ ಇಳಿಸುತ್ತಿದ್ದಾಗ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಮುದುಕಿ ಬಂದಳು. ಹೆಸರು ಕೆಂಪಮ್ಮ.

"ಇದ್ಯಾರ ಮಾತ್ ಕೇಳ್ಕಂಡು ಇಂಗ್ ಬಂದ್ರಪ್ಪಾ?" ಎಂದಳು. ಇಬ್ಬರೂ ನನ್ನ ಕಡೆ ಕೈ ತೋರಿಸಿದರು. ನಾನು ನಕ್ಷೆಯ ಕಡೆ ಕೈ ತೋರಿಸಿದೆ.

"ಏನೈತೆ ಅದ್ರಲ್ಲಿ?"

ದಾರಿಯ ಮೇಲಿನ ಊರುಗಳ ಹೆಸರನ್ನು ಒಂದೊಂದಾಗಿ ಓದಿದೆ. "ಬಸವನಪುರ" ಎಂದಾಗ ಮುದುಕಿ ನನ್ನ ತೋಳು ಹಿಡಿದಳು.

"ಇನ್ನೊಂದ್ ಸಲ ಓದು."

ಓದಿದೆ.

"ನಮ್ಮೂರು ಕಣಪ್ಪಾ ಅದು. ನಾನು ಲಂಗ ಹಾಕ್ಕಂಡಿದ್ದಾಗ್ಲೇ ನೀರು ಬಂತು. ಊರಿಗೂರೇ ಎದ್ದು ಬಂದೋ." ಅವಳು ನೀರಿನ ನಡುವೆ ಎಲ್ಲಿಗೋ ಕೈ ತೋರಿಸಿದಳು. "ಅಲ್ಲೈತೆ ಈಗ."

ಹಂಡೆ ಬೋರಲು ಹಾಕಿ ಅದರ ಮೇಲೆ ನಕ್ಷೆ ಹರಡಿದೆ. ಅವಳು ಆ ಚುಕ್ಕೆಯ ಮೇಲೆ ಬೆರಳಿಟ್ಟು ಅದರ ಸುತ್ತ ಸವರಿದಳು. ಆಮೇಲೆ ಕೇಳಿದಳು, "ಬಾವಿ ಎಲ್ಲೈತೆ? ಅರಳೀಮರ?"

"ಅಷ್ಟೆಲ್ಲ ಹಾಕುವುದಿಲ್ಲಮ್ಮ, ಚುಕ್ಕೆ ಅಷ್ಟೇ."

"ಬಾವಿ ಹಾಕ್ದೆ ಇದ್ಮೇಲೆ ಊರು ಅಂತ ಎಂಗ್ ಗೊತ್ತಾಯ್ತದೆ?"

ನನ್ನ ವೃತ್ತಿಜೀವನದಲ್ಲಿ ಆ ಕಪಾಟಿನ ಬಗ್ಗೆ ಒಬ್ಬರು ಕೇಳಿದ ಮೊದಲ ಪ್ರಶ್ನೆ ಅದು.

"ಇದ್ನ ನಂಗ್ ಕೊಟ್ಬುಡಪ್ಪಾ" ಎಂದಳು.

"ಇದನ್ನು ಗ್ರಂಥಾಲಯದಿಂದ ಹೊರಗೆ ಒಯ್ಯುವಂತಿಲ್ಲಮ್ಮ" ಎಂದೆ ಗಂಭೀರವಾಗಿ.

ಅವಳು ಸುತ್ತಲಿನ ಬಯಲನ್ನೂ ಎಮ್ಮೆಗಳನ್ನೂ ಒಮ್ಮೆ ನೋಡಿದಳು. "ಇದು ಒಳಗಾ?"

ಜೇಬಿನಲ್ಲಿದ್ದ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಹೊಳೆ, ದಾರಿ, ಅವಳ ಊರಿನ ಚುಕ್ಕೆ ಎಲ್ಲವನ್ನೂ ನಕಲು ಮಾಡಿದೆ. ಬಾವಿ ಎಲ್ಲಿತ್ತೆಂದು ಅವಳು ಹೇಳಿದಳು, ಅರಳೀಮರವನ್ನೂ ಹೇಳಿದಳು. ಎರಡನ್ನೂ ಹಾಕಿದೆ. ಅವಳು ಅದನ್ನು ಮಡಿಸಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು, ಊರ ಕಡೆ ಹೋಗಿ ಮಗನನ್ನೂ ಜೋಡಿ ಎತ್ತನ್ನೂ ಕರೆತಂದಳು. ಎತ್ತುಗಳು ಟೆಂಪೋವನ್ನು ಎಳೆದು ದಡ ಸೇರಿಸಿದವು. ಇಮ್ತಿಯಾಜ್ ನೇರ ಕೆ.ಆರ್. ಪೇಟೆಗೆ ಓಡಿಸಿದ. ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ ಯಾರನ್ನಾದರೂ ದಾರಿ ಕೇಳಿದ, ನಾನು ನೋಡುತ್ತಿರುವಾಗಲೇ.

ಮಾವನವರ ಚಪ್ಪರ ತಲುಪಿದಾಗ ನೆಂಟರು ಉಂಡು ಕೈ ತೊಳೆಯುತ್ತಿದ್ದರು. ಅಡುಗೆಯವನಿಗಾಗಿ ಕಾದು ಕಾದು ಸಾಕಾಗಿ ಹೆಂಗಸರೇ ಮುದ್ದೆ, ಬಸ್ಸಾರು ಮಾಡಿ ಬಡಿಸಿದ್ದರು. ಸಾವಿತ್ರಿಯ ಮೊಣಕೈವರೆಗೂ ರಾಗಿ ಹಿಟ್ಟು.

"ಎಲ್ಲೋಗಿದ್ರಿ?"

"ಬಸವನಪುರಕ್ಕೆ."

"ಅದೆಲ್ಲೈತೆ?"

ನಾನು ಹೇಳುವ ಮೊದಲೇ ನಂಜಪ್ಪ ಹೇಳಿಬಿಟ್ಟ. ಚಪ್ಪರದ ತುಂಬ ನಗು ಎದ್ದಿತು. ಮದುಮಗ ಶಾಸ್ತ್ರಕ್ಕೆ ಕೂತಿದ್ದವನು ಅರಿಶಿನದ ಮೈಯಲ್ಲೇ ಎದ್ದು ಬಂದು ಇನ್ನೊಮ್ಮೆ ಹೇಳಿಸಿಕೊಂಡ.

ಮರುದಿನ ನಂಜಪ್ಪನ ಅಡುಗೆ ಬಹಳ ಚೆನ್ನಾಗಿತ್ತು. ಪಂಕ್ತಿಯ ನಡುವೆ ಮಾವನವರು ನನ್ನ ಹೆಗಲ ಮೇಲೆ ಕೈಯಿಟ್ಟು ಬೀಗರಿಗೆ ಪರಿಚಯ ಮಾಡಿಕೊಟ್ಟರು.

"ಇವ್ರು ನಮ್ಮ ಅಳಿಯಂದ್ರು. ಲೈಬ್ರರೀಲವ್ರೆ, ಬಾಳ ಓದ್ಕಂಡವ್ರೆ. ದಾರಿ ಒಂದ್ ಬುಟ್ಟು ಬ್ಯಾರೆ ಏನ್ ಬೇಕಾದ್ರೂ ಕೇಳಿ."

ಬೀಗರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಪಾಯಸ ಕೇಳಿದರು, ನಂಜಪ್ಪನನ್ನು.