ಬಿಳಿ ಗಸಿ, ಕಂದು ಗಸಿ

ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳಿಗೆ ಬಿ.ಪಿ. ಏರಿಸೋಕೆ ಬೇರೆ ಶತ್ರುಗಳು ಬೇಕಿಲ್ಲ. ಕಾಲೇಜಿನಲ್ಲಿ ತಪ್ಪಿಸಿಕೊಂಡರೆ ಮನೆ ಬಾಗಿಲಿಗೇ ಬರುತ್ತಾರೆ.

ಒಂದೇ ಉತ್ತರ

ಯಶವಂತಪುರದ ನಮ್ಮ ಕಾಲೇಜಿನ ಲ್ಯಾಬಿಗೆ ಡಿಸ್ಟಿಲ್ಡ್ ವಾಟರ್ ಬೇಕೆಂದು ಪ್ರಿನ್ಸಿಪಾಲರನ್ನು ಕೇಳಿದೆ. "ಬೋರ್‌ವೆಲ್ ನೀರೇ ಇದೆಯಲ್ಲ ಮೇಡಂ" ಅಂದರು. ಆ ನೀರಿನಲ್ಲೇ ಬೇಕಾದಷ್ಟು ಕ್ಲೋರೈಡ್ ಇದೆ. ಸಿಲ್ವರ್ ನೈಟ್ರೇಟ್ ಹನಿ ಬಿದ್ದರೆ ಸಾಕು, ಬಿಳಿ ಗಸಿ ಕೂರುತ್ತೆ; ಕ್ಲೋರೈಡ್ ಇದೆ ಅನ್ನೋದಕ್ಕೆ ಅದೇ ಗುರುತು. ಪತ್ತೆಹಚ್ಚಿ ಅಂತ ನಾನು ಒಬ್ಬೊಬ್ಬರಿಗೆ ಕೊಟ್ಟಿದ್ದು ಬೇರೆ ಬೇರೆ ಲವಣ. ಇಡೀ ಬ್ಯಾಚು ಬರೆದದ್ದು 'ಕ್ಲೋರೈಡ್'. ರೆಕಾರ್ಡ್‌ಗಳನ್ನು ಹೊತ್ತುಕೊಂಡು ಹೋಗಿ ಪ್ರಿನ್ಸಿಪಾಲರ ಮೇಜಿನ ಮೇಲೆ ಕುಕ್ಕಿದೆ. ಒಂದೊಂದಾಗಿ ತಿರುವಿ ನೋಡಿದರು.

"ಎಲ್ಲರಿಗೂ ಒಂದೇ ಉತ್ತರ ಬಂದಿದೆ! ಎಷ್ಟು ಚೆನ್ನಾಗಿ ಪಾಠ ಮಾಡಿದ್ದೀರಿ ಮೇಡಂ!"

ಉಳಿತಾಯ

ಹೋರಾಡಿ ಡಿಸ್ಟಿಲ್ಡ್ ವಾಟರ್ ತರಿಸಿದೆ. ಒಬ್ಬಳು ಹುಡುಗಿ ಐದೇ ನಿಮಿಷಕ್ಕೆ, "ಆಯ್ತು ಮೇಡಂ, ಬಿಳಿ ಪ್ರೆಸಿಪಿಟೇಟ್" ಅಂದಳು. ನೋಡಿದರೆ ಟೆಸ್ಟ್‌ಟ್ಯೂಬಿನ ನೀರು ತಿಳಿಯಾಗಿದೆ.

"ಎಲ್ಲಮ್ಮಾ ಗಸಿ? ಬಾಟಲಿ ಮುಚ್ಚಳಾನೇ ತೆಗೆದಿಲ್ವಲ್ಲ!"

"ಹಾಕಿದ್ರೂ ಅದೇ ತಾನೇ ಬರೋದು ಮೇಡಂ? ಸಿಲ್ವರ್ ನೈಟ್ರೇಟ್ ದುಬಾರಿ, ವೇಸ್ಟ್ ಮಾಡ್ಬೇಡಿ ಅಂತ ನೀವೇ ಅಂದಿದ್ರಲ್ಲ."

ಮನೆ ಬಾಗಿಲಿಗೆ

ಒಂದು ಭಾನುವಾರ ಆರ್.ಟಿ. ನಗರದ ನಮ್ಮ ಮನೆಗೆ ವಾಟರ್ ಫಿಲ್ಟರ್ ಮಾರುವವನು ಬಂದ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಮೆಷಿನ್ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ನಮ್ಮ ನೀರು ಚರಂಡಿಯ ಹಾಗೆ ಕಂದಾಯಿತು. ಅವನದು ಹಾಗೇ ಇತ್ತು.

"ನೋಡಿ ಅಜ್ಜಿ, ನೀವು ಕುಡಿಯೋ ವಿಷ!"

ನಮ್ಮ ಅತ್ತೆ ಎದೆ ಹಿಡಿದುಕೊಂಡರು. "ಅಯ್ಯೋ, ಇಷ್ಟು ವರ್ಷ ಇದನ್ನೇ ಕುಡಿದ್ವಾ?"

ನನಗೆ ಮೈ ಉರಿದುಹೋಯಿತು. "ಅದು ನೀರಿನ ಕೊಳೆ ಅಲ್ಲ ಅತ್ತೆ, ಇವನ ಕಡ್ಡಿಯ ಕಬ್ಬಿಣ! ನಮ್ಮ ನೀರಲ್ಲಿ ಲವಣ ಕರಗಿದೆ, ಕರೆಂಟ್ ಹರಿಯುತ್ತೆ, ಕಡ್ಡಿ ಸವೆದು ಗಸಿಯಾಗುತ್ತೆ. ಇವನ ನೀರಲ್ಲಿ ಲವಣಾನೇ ಇಲ್ಲ." ಅಡುಗೆಮನೆಗೆ ಓಡಿ ಚಿಟಿಕೆ ಉಪ್ಪು ತಂದು ಅವನ ಲೋಟಕ್ಕೆ ಹಾಕಿದೆ. "ಈಗ ಕೊಡಪ್ಪಾ ಕರೆಂಟು!"

ಕೊಟ್ಟ. ಅವನ ಶುದ್ಧ ನೀರು ನಮ್ಮದಕ್ಕಿಂತ ಕಡೆಯಾಯಿತು. ನಾನು ಸೊಂಟಕ್ಕೆ ಕೈ ಇಟ್ಟು ನಿಂತೆ.

ಅವನು ಒಂದು ಕ್ಷಣ ಲೋಟ ನೋಡಿದ. ಆಮೇಲೆ ಅತ್ತೆಯ ಕಡೆ ತಿರುಗಿ ದನಿ ತಗ್ಗಿಸಿ ಅಂದ: "ಅಜ್ಜಿ, ನಿಮ್ಮ ಮನೇಲಿ ಉಪ್ಪೂ ಕೆಟ್ಟಿದೆ."

ಇಪ್ಪತ್ತು ವರ್ಷ ಕೆಮಿಸ್ಟ್ರಿ ಕಲಿಸಿದವಳು ಸೊಸೆ. ಅವತ್ತು ರಾತ್ರಿ ಅತ್ತೆ ಮಾಡಿದ ಸಾರಿಗೆ ಉಪ್ಪೇ ಇರಲಿಲ್ಲ.